ಜೋಡಿ ಸೂಜಿ

ಅರ್ಜಿಯಲ್ಲಿ ಎರಡು ಖಾನೆ.
ಮೊದಲನೆಯದರಲ್ಲಿ ಭೂವಿಜ್ಞಾನ ಅಂತ ಬರೆದು ವಾರವಾಯಿತು.
ಎರಡನೆಯದು ಇನ್ನೂ ಬಿಳಿ,
ಬಾಯಿ ತೆರೆದು ಮಾತು ಮರೆತ ಪಾತ್ರಧಾರಿಯ ಹಾಗೆ.

ಜೂನ್ ಮುಗಿಯುತ್ತಾ ಬಂದರೂ ಬಳ್ಳಾರಿಯ ಬಿಸಿಲು
ರಜೆ ಕೇಳಿಲ್ಲ.
ಹಿತ್ತಿಲ ಗೋಡೆಯಾಚೆ ಕೋಟೆ ಗುಡ್ಡ
ರಾತ್ರಿ ಹನ್ನೊಂದಕ್ಕೂ ಕಾವು ಬಿಡುತ್ತಿರುತ್ತದೆ,
ಹಗಲು ಓದಿದ್ದನ್ನು ನಿದ್ದೆಯಲ್ಲಿ ಗೊಣಗುವವರಂತೆ.
ಅದು ಯಾವ ಕಲ್ಲು, ಎಷ್ಟು ಹಳತು, ಯಾಕೆ ಇಲ್ಲೇ ಕೂತಿತು,
ನನಗೆ ಗೊತ್ತಾಗಬೇಕು.
ಅದರ ನೆತ್ತಿಯಲ್ಲಿ ನಿಂತು ಕೂಗಿದರೆ
ನನ್ನ ದನಿ ಎಲ್ಲಿಯವರೆಗೆ ಹೋಗಿ ಬೀಳುತ್ತದೆ,
ಅದೂ ಗೊತ್ತಾಗಬೇಕು.
ಎರಡೂ ಒಂದೇ ಪ್ರಶ್ನೆ ಅಂದರೆ ಯಾರೂ ನಂಬುವುದಿಲ್ಲ.
ಅರ್ಧ ದಿನ ನಾನೂ ನಂಬುವುದಿಲ್ಲ.

ಮೂರು ಕಾಲೇಜು ನೋಡಿ ಬಂದೆ.
ಒಂದರಲ್ಲಿ ಹೊಸ ರಂಗಮಂದಿರ, ಇಪ್ಪತ್ತನಾಲ್ಕು ದೀಪ,
ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿಲ್ಲ.
"ನಾಟಕ ಯಾವಾಗ ಸಾರ್?"
"ಉದ್ಘಾಟನೆ ಆಗಲಿ."
ಇನ್ನೊಂದರ ಮುಖ್ಯಸ್ಥರು ಅಂಕಪಟ್ಟಿ ತಿರುವಿ ಹಾಕಿ,
"ವಿಜ್ಞಾನದಲ್ಲಿ ತೊಂಬತ್ತೊಂದು! ಇಲ್ಯಾಕೆ ಬಂದೆ?" ಅಂತ
ಸಂತೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ಕೇಳುವ ಹಾಗೆ ಕೇಳಿ,
"ಎರಡು ದೋಣಿ ಮೇಲೆ ಕಾಲಿಟ್ಟರೆ ಏನಾಗುತ್ತೆ, ಗೊತ್ತಲ್ಲ?" ಎಂದರು.
ಈ ಊರಲ್ಲಿ ದೋಣಿ ಎಲ್ಲಿದೆ ಸಾರ್,
ನಲ್ಲಿ ನೀರೇ ಹತ್ತು ದಿನಕ್ಕೊಮ್ಮೆ,
ಅನ್ನುವುದು ಮೆಟ್ಟಿಲು ಇಳಿದ ಮೇಲೆ ಹೊಳೆಯಿತು.
ಒಳ್ಳೆಯ ಮಾತೆಲ್ಲ ನನಗೆ ಪರದೆ ಬಿದ್ದ ಮೇಲೆಯೇ.

ಮೂರನೆಯದಕ್ಕೆ ರಂಗಮಂದಿರವೇ ಇಲ್ಲ.
ಮುಚ್ಚಿಹೋದ ಕ್ಯಾಂಟೀನೇ ತಾಲೀಮಿನ ಜಾಗ,
ಗೋಡೆಗೆ ಇನ್ನೂ ಸಾಂಬಾರಿನ ವಾಸನೆ.
ಜವಾನ ಜಡೆಪ್ಪ ಬೀಗ ತೆಗೆದು,
"ಅಲ್ಲಿ ನಿಂದ್ರಮ್ಮಿ, ಆ ಒಡಕ ಹಾಸುಗಲ್ಲಿನ ಮ್ಯಾಲೆ.
ಅಲ್ಲಿಂದ ಪಿಸುಗುಟ್ಟಿದ್ರೂ ಕಡೀ ಬೆಂಚಿಗೆ ಕೇಳ್ತೈತಿ" ಅಂದ.
ಕಸ ಹೊಡೆಯುತ್ತಾ ಎಷ್ಟು ನಾಟಕ ನೋಡಿದ್ದಾನೋ.
ನಿಂತೆ. ಸುಣ್ಣಕಲ್ಲು, ಶಹಾಬಾದಿ, ಅಂತು ಅಂಗಾಲು.
ಬಾಯಿಗೆ ಮಾತ್ರ ಏನೂ ತೋಚದೆ
ಹೆಸರನ್ನೇ ಹೇಳಿದೆ:
ಸುಂಕಲಮ್ಮ.
ಹಾಜರಿಯಲ್ಲಿ ಹನ್ನೆರಡು ವರ್ಷ ನಗಿಸಿದ ಹೆಸರು
ಕಡೆಯ ಬೆಂಚಿನವರೆಗೆ ನಡೆದು ಹೋಗಿ
ಯಾರ ನಗುವನ್ನೂ ಎತ್ತಿಕೊಳ್ಳದೆ ವಾಪಸು ಬಂತು.

ಆದರೆ ಅಲ್ಲಿಯ ವೇಳಾಪಟ್ಟಿಯಲ್ಲಿ
ಗುರುವಾರ ಮೂರಕ್ಕೆ ಖನಿಜಗಳ ಪ್ರಯೋಗ,
ಗುರುವಾರ ಮೂರಕ್ಕೇ ತಾಲೀಮು.
ಒಂದೇ ಸೀಟಿಗೆ ಕಿಟಕಿಯಿಂದ ಎಸೆದ ಎರಡು ಟವೆಲು.

"ಬಣ್ಣ ಹಚ್ಚಿದ್ರ ಅನ್ನ ಹಾಕ್ತೈತೇನು?" ಅವ್ವನ ಪ್ರಶ್ನೆ.
ಅನ್ನ ಹಾಕುವ ಬಣ್ಣ ನಮ್ಮ ಮನೆಯಲ್ಲಿ ಒಂದೇ, ನೀಲಿ.
ಅಪ್ಪ ಹೊನ್ನೂರಪ್ಪನ ಉಗುರಿನೊಳಗೆ ಮೂವತ್ತು ವರ್ಷದಿಂದ ಇದೆ,
ದೀಪಾವಳಿಯ ಎಣ್ಣೆಗೂ ಬಿಡದು.
ರಾತ್ರಿ ಅವನ ಮಿಷನ್ನಿನ ಹತ್ತಿರ ಕೂತೆ.
ಜೀನ್ಸಿನ ಪಕ್ಕೆಗುಂಟ ಜೋಡಿ ಸೂಜಿ ಓಡುತ್ತಿತ್ತು,
ಎರಡು ಕಿತ್ತಳೆ ದಾರ, ಮುಟ್ಟದೆ, ಬಿಟ್ಟಿರದೆ.
"ಎರಡ್ಯಾಕಪ್ಪಾ?"
"ಒಂದೇ ಇದ್ರ ಕುಂತಾಗ ಹರೀತೈತಿ."
ನನ್ನ ಮುಖ ಅರಳಿದ್ದು ಕಂಡನೋ ಏನೋ,
ಕಾಲು ತೆಗೆದು ಮಿಷನ್ ನಿಲ್ಲಿಸಿದ:
"ಎರಡಿದ್ರ ಎರಡೂ ಮುರೀತಾವ. ಖರ್ಚು ಜಾಸ್ತಿ.
ಬಗ್ಗಿ ನೋಡ್ತಾನ ಇರಬೇಕು, ಕಣ್ಣು ಹೋಗ್ತಾವ."
ಹೂಂ ಅನ್ನಲಿಲ್ಲ, ಬೇಡ ಅನ್ನಲಿಲ್ಲ.
ಮುರಿದ ಸೂಜಿಯೊಂದನ್ನು ಬಲ್ಬಿಗೆ ಹಿಡಿದು ನೋಡಿ
ಡಬ್ಬಿಗೆ ಹಾಕಿದ.

ಬೆಳಿಗ್ಗೆ ಎರಡನೆಯ ಖಾನೆ ತುಂಬಿದೆ.
ರಂಗಕಲೆ.
ಬೆವರಿಗೆ ಲೆ ಸ್ವಲ್ಪ ಕದಡಿದೆ, ಓದಲು ಬರುತ್ತದೆ.
ಆಮೇಲೆ ಜಡೆಪ್ಪನಿಗೆ ಫೋನು:
ಗುರುವಾರ ಎಷ್ಟೊತ್ತಿಗೆ ಬೀಗ ಹಾಕ್ತೀರಿ?
"ಆರಕ್ಕ ಎಲ್ಲಾರೂ ಹೋಗ್ತಾರ.
ಆಮ್ಯಾಲೆ ನಂದು ಅರ್ಧ ತಾಸು ಕಸದ ಕೆಲಸ."
ಸ್ವಲ್ಪ ತಡೆದು,
"ಬರೋದಿದ್ರ ಬಾ. ಆ ಕಲ್ಲು
ಕಡೀಕ ಹೊಡೀತೀನಿ."